ಸಂಜೆಗೆ ಮನೆ ಸೇರುವ ಲೆಕ್ಕ

2016ರ ಸೆಪ್ಟೆಂಬರ್ 12, ಸೋಮವಾರ. ಬೆಳಿಗ್ಗೆ ಎಂದಿನಂತೆ ಬುತ್ತಿ ಕಟ್ಟಿಕೊಂಡು ನೆಲಮಂಗಲದಿಂದ, ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದವರಿಗೆ ಸಂಜೆ ಏನು ಕಾದಿದೆ ಎಂಬುದು ತಿಳಿದಿರಲಿಲ್ಲ. ಅಂದು ಸುಪ್ರೀಂ ಕೋರ್ಟು ಕಾವೇರಿ ವಿಚಾರದಲ್ಲಿ ತನ್ನ ಹಿಂದಿನ ಆದೇಶವನ್ನು ಮಾರ್ಪಡಿಸಿ, ಸೆಪ್ಟೆಂಬರ್ 20ರವರೆಗೆ ತಮಿಳುನಾಡಿಗೆ 12,000 ಕ್ಯೂಸೆಕ್ ನೀರು ಬಿಡಬೇಕೆಂದಿತು. ಮಧ್ಯಾಹ್ನದ ಹೊತ್ತಿಗೆ ನಗರದಲ್ಲಿ ಲಾರಿ, ಬಸ್ಸುಗಳು ಹೊತ್ತಿ ಉರಿಯತೊಡಗಿದವು. ಅಂಗಡಿಗಳ ಬಾಗಿಲು ಮುಚ್ಚಿತು. ಸಿಟಿ ಬಸ್ಸುಗಳು ಡಿಪೊ ಸೇರಿಕೊಂಡವು, ಮೆಟ್ರೊ ನಿಂತಿತು. ಕಚೇರಿಗಳು 'ಎಲ್ಲರೂ ಬೇಗ ಮನೆಗೆ ಹೊರಡಿ' ಎಂದವು. ಎಲ್ಲರೂ ಹೊರಟರು. ತೊಂದರೆ ಆದದ್ದೇ ಅಲ್ಲಿ.

ಸಂಜೆಗೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಆ ಪಟ್ಟಿಯಲ್ಲಿ ಯಶವಂತಪುರ, ಆರ್.ಎಂ.ಸಿ. ಯಾರ್ಡ್, ಪೀಣ್ಯ ಇದ್ದವು. ನಕ್ಷೆ ಬಿಡಿಸಿ ನೋಡಿದರೆ ತಿಳಿಯುತ್ತದೆ, ಇವು ತುಮಕೂರು ರಸ್ತೆಯ ಬಾಯಿ. ನೆಲಮಂಗಲ, ದಾಬಸ್‌ಪೇಟೆಯ ಕಡೆಗೆ ಹೋಗುವವರು ದಿನಾ ದಾಟುವ ಹೊಸಿಲು ಅದೇ. ಬಸ್ಸಿಲ್ಲ, ನಡೆಯೋಣವೆಂದರೆ ದಾರಿಯಲ್ಲಿ ಕರ್ಫ್ಯೂ. ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದವೋ ಇಲ್ಲವೋ ಗೊತ್ತಿಲ್ಲ.

ಇಂಥ ದಿನಗಳು ಅಪರೂಪ, ಆದರೆ ಬರುತ್ತಲೇ ಇರುತ್ತವೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂದಾಗಲೂ ಬಸ್ಸುಗಳು ನಿಂತು, ಜನ ನಡೆದೇ ಮನೆ ಸೇರಬೇಕಾಯಿತು. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಹೊರವರ್ತುಲ ರಸ್ತೆ ಕೆರೆಯಾಗಿ, ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ದೇಶವೆಲ್ಲ ನೋಡಿತು. ಕಾರಣ ಪ್ರತಿ ಸಲವೂ ಬೇರೆ. ಗಲಭೆ, ಮಳೆ, ಸಾವು, ನಾಳೆ ಇನ್ನೇನೋ. ಕೆಲಸದ ಜಾಗದಲ್ಲಿ ನಿಂತವನ ಎದುರಿಗಿರುವ ಪ್ರಶ್ನೆ ಮಾತ್ರ ಒಂದೇ: ಮನೆ ಸೇರುವುದು ಹೇಗೆ?

ಒಂದು ಸಣ್ಣ ಗಣಿತ

ಒಂದು ರಸ್ತೆಯ ಒಂದು ಪಥದಲ್ಲಿ, ಎಲ್ಲವೂ ಸರಿಯಾಗಿದ್ದಾಗ, ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರುಗಳು ಹಾಯಬಲ್ಲವು. ಮೂರು ಪಥವಿದ್ದರೆ 6,000. ಸಂಜೆ ನಾಲ್ಕರಿಂದ ಒಂಬತ್ತರವರೆಗೆ, ಐದು ಗಂಟೆಗಳಲ್ಲಿ, 30,000 ಗಾಡಿಗಳು ಆ ದಾರಿಯಲ್ಲಿ ಸಾಗಬಹುದು ಎಂದಾಯಿತು. ಈಗ ಆ 30,000 ಗಾಡಿಗಳೂ ಒಂದೇ ಗಂಟೆಯಲ್ಲಿ ರಸ್ತೆಗೆ ಇಳಿದವು ಎಂದುಕೊಳ್ಳಿ. ಆ ಗಂಟೆಯಲ್ಲಿ 6,000 ದಾಟಿದರೂ ಉಳಿದ 24,000 ನಿಂತಿರುತ್ತವೆ. ಒಂದೊಂದು ಪಥಕ್ಕೆ 8,000. ಒಂದು ಕಾರಿಗೂ ಅದರ ಹಿಂದಿನ ಸಂದಿಗೂ ಸೇರಿ ಆರು ಮೀಟರ್ ಹಿಡಿದರೆ ಸಾಲಿನ ಉದ್ದ 48 ಕಿಲೋಮೀಟರ್! ಮೆಜೆಸ್ಟಿಕ್‌ನಿಂದ ಹೊರಟ ಸಾಲು ದೇವನಹಳ್ಳಿಯನ್ನೂ ದಾಟಿ ನಿಲ್ಲುತ್ತದೆ. ಆ ಸಾಲಿನಲ್ಲಿ ಒಂದು ಆಂಬುಲೆನ್ಸೂ ಇರುತ್ತದೆ, ಒಂದು ಅಗ್ನಿಶಾಮಕ ವಾಹನವೂ ಇರುತ್ತದೆ.

ನಡೆಯುವವರ ಲೆಕ್ಕವೂ ಹೀಗೆಯೇ. ಆರೋಗ್ಯವಂತ ಮನುಷ್ಯ ಸಮತಟ್ಟಾದ ದಾರಿಯಲ್ಲಿ ಗಂಟೆಗೆ ನಾಲ್ಕೈದು ಕಿ.ಮೀ. ನಡೆಯಬಲ್ಲ. ಆದರೆ ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕೈದು ಮಂದಿ ಸೇರಿದರೆ ನಡಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಊರಹಬ್ಬದ ತೇರಿನ ಬೀದಿಯಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಪಾಠವನ್ನು ತುಂಬ ಕಷ್ಟಪಟ್ಟು ಕಲಿತ ಊರು ಟೋಕಿಯೊ. 2011ರ ಮಾರ್ಚ್ 11, ಶುಕ್ರವಾರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯದಲ್ಲಿ ಭೂಮಿ ನಡುಗಿತು. ಟೋಕಿಯೊದಲ್ಲಿ ಬಹುಪಾಲು ಕಟ್ಟಡಗಳು ಗಟ್ಟಿಯಾಗಿಯೇ ನಿಂತಿದ್ದವು, ಆದರೆ ರೈಲುಗಳು ನಿಂತವು. ರಾಜಧಾನಿಯಲ್ಲೂ ಸುತ್ತಣ ಜಿಲ್ಲೆಗಳಲ್ಲೂ ಸೇರಿ ಅಂದು ಮನೆಗೆ ಮರಳಲಾಗದೆ ಉಳಿದವರು ಸುಮಾರು 51 ಲಕ್ಷ ಮಂದಿ ಎಂದು ಅಲ್ಲಿನ ಸರ್ಕಾರ ಅಂದಾಜು ಮಾಡಿತು. ಆ ಮೇಲೆ ಟೋಕಿಯೊ ಆಡಳಿತ ಒಂದು ಕಟ್ಟಳೆ ತಂದು 2013ರ ಏಪ್ರಿಲ್‌ನಿಂದ ಜಾರಿಗೊಳಿಸಿತು. ಅದರ ತಿರುಳು ಸರಳ: ದೊಡ್ಡ ಅನಾಹುತವಾದಾಗ ಎಲ್ಲರೂ ಒಟ್ಟಿಗೆ ಮನೆಗೆ ಹೊರಡಬೇಡಿ. ಕಟ್ಟಡ ಭದ್ರವಾಗಿದ್ದರೆ ಇದ್ದಲ್ಲೇ ಇರಿ. ಅದಕ್ಕಾಗಿ ಕಂಪನಿಗಳು ನೌಕರರಿಗೆ ಮೂರು ದಿನಕ್ಕಾಗುವಷ್ಟು ನೀರು, ಆಹಾರ ಕೂಡಿಟ್ಟಿರಬೇಕು.

ಜಪಾನೀಯರು ಅಂದಾಜಿಗೆ ಬಳಸುವ ಸೂತ್ರವೊಂದಿದೆ. ಮನೆ 10 ಕಿ.ಮೀ. ಒಳಗಿದ್ದರೆ ನಡೆದು ಸೇರಬಹುದು. ಅಲ್ಲಿಂದ ಮುಂದೆ ಒಂದೊಂದು ಕಿಲೋಮೀಟರಿಗೆ ನೂರಕ್ಕೆ ಹತ್ತು ಮಂದಿ ಸೋಲುತ್ತಾರೆ. 20 ಕಿ.ಮೀ. ಮೀರಿದರೆ ಅಂದು ಯಾರೂ ಮನೆ ಸೇರಲಾರರೆಂದೇ ಲೆಕ್ಕ.

ಈ ಸೂತ್ರವನ್ನು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಿಗೆ ಹೊಂದಿಸಿ ನೋಡಬೇಕು. ಮೆಜೆಸ್ಟಿಕ್‌ನಿಂದ ನೆಲಮಂಗಲ, ಹೊಸಕೋಟೆ ಎರಡೂ 25 ಕಿ.ಮೀ. ಮೇಲೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಹತ್ತಿರ ಹತ್ತಿರ 40. ನಾಲ್ಕೂ ಗೆರೆಯ ಆಚೆಗೇ ಬೀಳುತ್ತವೆ. ಅಂದರೆ ನಗರದ ನಡುವೆ ದುಡಿದು ಈ ಊರುಗಳಲ್ಲಿ ಮಲಗುವವರು 'ಹೇಗೆ ಹೋಗಲಿ' ಎನ್ನುವುದಕ್ಕೆ ಮೊದಲು 'ಹೋಗದಿದ್ದರೆ ಎಲ್ಲಿ ಇರಲಿ' ಎಂದು ಕೇಳಿಕೊಳ್ಳಬೇಕು. ಪೀಣ್ಯದಲ್ಲಿ ಕೆಲಸ, ನೆಲಮಂಗಲದಲ್ಲಿ ಮನೆ ಎನ್ನುವವರದು ನಡುವಿನ ಪಾಡು. ಅವರು ಕಾಲನ್ನೂ ಹೊತ್ತನ್ನೂ ನೋಡಿ ನಿರ್ಧರಿಸಬೇಕು.

ಕಾಲು ನಿಲ್ಲದಿರುವುದು ಏಕೆ?

'ಇದ್ದಲ್ಲೇ ಇರಿ' ಎನ್ನುವುದು ಸುಲಭ. ಆದರೆ ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಮೂರು ವರ್ಷದ ಮಗು ಊರಿನ ಅಂಗನವಾಡಿಯಲ್ಲಿ. ಗಂಡ ವಿಮಾನ ನಿಲ್ದಾಣದ ಕಡೆ ಕೆಲಸಕ್ಕೆ ಹೋಗಿದ್ದಾನೆ. ಮನೆಯಲ್ಲಿ ಮಂಡಿನೋವಿನ ಅತ್ತೆ, ಕೊಟ್ಟಿಗೆಯಲ್ಲಿ ಕರೆಯಬೇಕಾದ ಹಸು. ಕಾರ್ಖಾನೆಯವರು ಊಟ, ಚಾಪೆ ಎಲ್ಲ ಕೊಡುತ್ತೇವೆಂದರೂ ಆಕೆಯ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಗಲಭೆಯಲ್ಲಿ ಹೊರಟೇ ಬಿಡುತ್ತಾಳೆ. ಆಕೆಯನ್ನು ಎಳೆಯುವುದು ಮನೆಯ ಸುಖವಲ್ಲ, ಮನೆಯ ಚಿಂತೆ.

ಆದ್ದರಿಂದ ಮನೆ ಸೇರುವ ಯೋಜನೆ ರಸ್ತೆಯಿಂದಲ್ಲ, ಮನೆಯಿಂದಲೇ ಶುರುವಾಗಬೇಕು. ಮಗುವನ್ನು ಕರೆತರುವವರು ಯಾರು? ಒಬ್ಬರಲ್ಲ, ಇಬ್ಬರ ಹೆಸರು ಗೊತ್ತಾಗಿರಬೇಕು. ಪಕ್ಕದ ಮನೆಯ ಅಕ್ಕನೋ ಎದುರುಮನೆಯ ಅಜ್ಜಿಯೋ ಆಗಬಹುದು. ಆ ಹೆಸರು ಅಂಗನವಾಡಿಯ ಟೀಚರಿಗೂ ಶಾಲೆಯ ಮೇಷ್ಟರಿಗೂ ಬರವಣಿಗೆಯಲ್ಲಿ ತಿಳಿದಿರಬೇಕು, ಇಲ್ಲವಾದರೆ ಅವರು ಮಗುವನ್ನು ಕಳಿಸಲಾರರು, ಕಳಿಸಲೂಬಾರದು. ಹಸು ಕರೆಯುವವರು ಯಾರು, ಅತ್ತೆಯ ಮಾತ್ರೆ ಎಲ್ಲಿದೆ ಎಂಬುದನ್ನೂ ಅವರಿಗೆ ಹೇಳಿಟ್ಟಿರಬೇಕು. ಗಂಡ ಹೆಂಡಿರಲ್ಲಿ ಮನೆಗೆ ಹತ್ತಿರ ಇರುವವರು ಮನೆಗೆ, ದೂರ ಇರುವವರು ಇದ್ದಲ್ಲೇ ಎಂಬ ಒಪ್ಪಂದ ಮೊದಲೇ ಆಗಿದ್ದರೆ ಒಬ್ಬರನ್ನೊಬ್ಬರು ಹುಡುಕುತ್ತ ಇಬ್ಬರೂ ದಾರಿಯಲ್ಲಿ ಸಿಲುಕುವುದು ತಪ್ಪುತ್ತದೆ.

ಮೊಬೈಲ್ ಇದೆಯಲ್ಲ ಎನ್ನಬಹುದು. ಎಲ್ಲರೂ ಒಟ್ಟಿಗೆ ರಸ್ತೆಗೆ ಇಳಿದಂತೆ ಎಲ್ಲರೂ ಒಟ್ಟಿಗೆ ಫೋನಿಗೂ ಇಳಿಯುತ್ತಾರೆ. ಮಾತನಾಡುವಷ್ಟು ಹೊತ್ತೂ ಒಂದು ಕರೆ ಟವರ್‌ನಲ್ಲಿ ಜಾಗ ಹಿಡಿದಿರುತ್ತದೆ. ಎಸ್ಸೆಮ್ಮೆಸ್ ಹಾಗಲ್ಲ, ಅದು ಪುಟ್ಟ ಚೀಟಿ. ದಾರಿ ಸಿಗದಿದ್ದರೆ ಕಾದಿದ್ದು, ಸಿಕ್ಕಾಗ ನುಸುಳಿ ತಲುಪುತ್ತದೆ. ಕರೆ ಸಿಗದ ಹೊತ್ತಿನಲ್ಲಿ 'ಕ್ಷೇಮ, ಕಾರ್ಖಾನೆಯಲ್ಲೇ ಇದ್ದೇನೆ' ಎಂಬ ಒಂದು ಸಾಲು ಸಾಕು. ತೊಂದರೆಗೆ ಒಳಗಾಗದ ದೂರದ ಊರಿನಲ್ಲಿರುವ ಒಬ್ಬ ನೆಂಟರನ್ನು, ಹಾಸನದ ಚಿಕ್ಕಪ್ಪನನ್ನೋ ಶಿವಮೊಗ್ಗದ ಭಾವನನ್ನೋ, ಸುದ್ದಿಗೆ ಗೊತ್ತುಮಾಡಿಕೊಳ್ಳುವುದು ಇನ್ನೂ ಒಳ್ಳೆಯದು. ಎಲ್ಲರೂ ಅವರಿಗೆ ತಿಳಿಸಿದರೆ ಅವರಿಂದ ಎಲ್ಲರಿಗೂ ತಿಳಿಯುತ್ತದೆ.

ದಾರಿ ಮುರಿದರೆ

ಕೆಲವೊಮ್ಮೆ ಹೊರಡಲೇಬೇಕಾಗುತ್ತದೆ. ಆಗ ದಿನಾ ಹೋಗುವ ದಾರಿಯೊಂದೇ ಗೊತ್ತಿದ್ದರೆ ಸಾಲದು. ಒಂದೇ ದಾರಿಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ತುಮಕೂರು ರಸ್ತೆಯವರು ಗಲಭೆ, ಮಳೆ ಯಾವುದೂ ಇಲ್ಲದೆಯೇ ಕಂಡಿದ್ದಾರೆ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯದ ಮೇಲ್ಸೇತುವೆಯ ಎರಡು ಕಂಬಗಳ ನಡುವಿನ ಕೇಬಲ್‌ಗಳು ಕೆಟ್ಟಿವೆಯೆಂದು ಅದನ್ನು ಮುಚ್ಚಿದರು. ಸಣ್ಣ ವಾಹನಗಳಿಗೆ ಮತ್ತೆ ತೆರೆದದ್ದು 2022ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಎಲ್ಲ ಗಾಡಿಗಳೂ ಕೆಳಗಿನ ರಸ್ತೆಯಲ್ಲೇ ತೆವಳಿದವು.

ಬೆಂಗಳೂರಿನಿಂದ ಹೊರಡುವ ಹೆದ್ದಾರಿಗಳು ಗಾಡಿಯ ಚಕ್ರದ ಅರಗಳಿದ್ದಂತೆ. ಒಂದು ಅರ ಮುರಿದರೆ ಇನ್ನೊಂದು ಅರ ಹಿಡಿದು, ಹೊರಗಿನ ಪಟ್ಟಿಯ ಮೇಲೆ ಸುತ್ತಿ ಬರಬಹುದು. ಅಂಥ ಪಟ್ಟಿ ಗ್ರಾಮಾಂತರದಲ್ಲಿದೆ: ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆಗಳನ್ನು ಮಣಿಗಳಂತೆ ಪೋಣಿಸಿರುವ ಹೆದ್ದಾರಿ. ಪೀಣ್ಯದ ಕಡೆ ಮುಚ್ಚಿದ್ದರೆ ಯಲಹಂಕದ ಮೇಲೆ ದೊಡ್ಡಬಳ್ಳಾಪುರಕ್ಕೆ ಬಂದು ಅಲ್ಲಿಂದ ನೆಲಮಂಗಲದ ರಸ್ತೆ ಹಿಡಿಯಬಹುದು. ಸುತ್ತು ಹೌದು. ಆದರೆ ಸುತ್ತಿನ ದಾರಿಯಲ್ಲಿ ನಂಟರ ಮನೆ ಇದ್ದರೆ ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಹೊರಡಬಹುದು.

ಮಳೆಯ ದಿನ ಇನ್ನೊಂದು ಎಚ್ಚರಿಕೆ ಬೇಕು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಕಾಲಿನ ಮೇಲೆ ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ. ರಭಸವಿದ್ದರೆ ಪಾದ ಮುಳುಗುವಷ್ಟು, ಅಂದರೆ 15 ಸೆಂ.ಮೀ. ನೀರು ಕೂಡ ಮನುಷ್ಯನನ್ನು ಬೀಳಿಸಬಲ್ಲದು, 30 ಸೆಂ.ಮೀ. ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದಾಗ ಕಾರಿನೊಳಗೇ ಸಿಲುಕಿ ಸತ್ತವರಿದ್ದರು. ಬೆಂಗಳೂರಿನಲ್ಲೇ 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರು ಕಾರಿನಲ್ಲಿದ್ದ ಯುವತಿಯೊಬ್ಬರ ಪ್ರಾಣ ತೆಗೆಯಿತು. ದೊಡ್ಡಬಳ್ಳಾಪುರದ ಕಡೆ ಅರ್ಕಾವತಿಯ ಕೆರೆಸಾಲು, ದೇವನಹಳ್ಳಿ, ಹೊಸಕೋಟೆಯ ಕಡೆ ದಕ್ಷಿಣ ಪಿನಾಕಿನಿಯ ಕೆರೆಸಾಲು. ಬೇಸಿಗೆಯಲ್ಲಿ ಬರಿದಾಗಿ ಕಾಣುವ ಹಳ್ಳವೇ ಕೋಡಿ ಬಿದ್ದ ದಿನ ರಸ್ತೆಯನ್ನು ಕತ್ತರಿಸುತ್ತದೆ. ಬದಲಿ ದಾರಿಯನ್ನು ಒಂದು ಭಾನುವಾರ ಹಗಲಿನಲ್ಲೇ ನೋಡಿಕೊಂಡು ಬರಬೇಕು. ತಗ್ಗು ಎಲ್ಲಿ, ಅಂಡರ್‌ಪಾಸ್ ಎಲ್ಲಿ, ನೀರು ಸಿಗುವ ಗುಡಿ, ಆಸ್ಪತ್ರೆ, ಠಾಣೆ ಎಲ್ಲಿ ಎಂಬುದು ಕಣ್ಣಿಗೆ ಬಿದ್ದಿರಬೇಕು.

ಬುತ್ತಿ ಮತ್ತು ಗುಂಡುತೋಪು

ಹಿಂದೆ ಸಂತೆಗೆ ನಡೆದು ಹೋಗುತ್ತಿದ್ದವರ ಹೆಗಲಲ್ಲಿ ಬುತ್ತಿ ಇರುತ್ತಿತ್ತು. ದಾರಿಯಲ್ಲಿ ನೆರಳಿಗೆ ಗುಂಡುತೋಪು, ನೀರಿಗೆ ಅರವಟ್ಟಿಗೆ ಇರುತ್ತಿದ್ದವು. ಇಂದಿನ ಹೆದ್ದಾರಿ ಚಕ್ರಕ್ಕೆಂದೇ ಕಟ್ಟಿದ್ದು. ನಡೆಯುವವನಿಗೆ ಅಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ಹಾಗಾಗಿ ಕೆಲಸದ ಜಾಗದಲ್ಲಿ ಒಂದು ಸಣ್ಣ ಚೀಲ ಇಟ್ಟಿರುವುದು ಒಳ್ಳೆಯದು. ಒಂದು ಲೀಟರ್ ನೀರು, ಹುರಿಗಡಲೆ ಬೆಲ್ಲ, ಹಳೆಯದಾದರೂ ಕಚ್ಚದ ಬೂಟು, ಟಾರ್ಚು, ಎರಡು ದಿನದ ಮಾತ್ರೆ, ಹತ್ತು ಇಪ್ಪತ್ತರ ನೋಟುಗಳು, ಫೋನ್ ನಂಬರುಗಳನ್ನು ಬರೆದ ಕಾಗದ ಅದರಲ್ಲಿದ್ದರೆ ಸಾಕು. ಕರೆಂಟು ಹೋದರೆ ಎ.ಟಿ.ಎಂ., ಪೆಟ್ರೋಲ್ ಬಂಕು, ಕೊಳವೆಬಾವಿ ಎಲ್ಲವೂ ಒಂದೊಂದಾಗಿ ನಿಲ್ಲುತ್ತವೆ. 2022ರ ಆ ಮಳೆಯಲ್ಲೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್ ಮುಳುಗಿ, ಬೀದಿ ತುಂಬ ನೀರಿದ್ದ ಬೆಂಗಳೂರಿನ ಎಷ್ಟೋ ನಲ್ಲಿಗಳಲ್ಲಿ ನೀರಿರಲಿಲ್ಲ.

ಎಲ್ಲವನ್ನೂ ನೌಕರನ ಚೀಲಕ್ಕೆ ತುಂಬಲಾಗದು. ಕಾರ್ಖಾನೆಗಳು ಕುಡಿಯುವ ನೀರು, ಅವಲಕ್ಕಿ, ಕಂಬಳಿ ಕೂಡಿಡಬೇಕು. ಪಾಳಿಯ ಕೊನೆಯಲ್ಲಿ ಎಲ್ಲರನ್ನೂ ಗೇಟಿನಿಂದ ಹೊರಗೆ ತಳ್ಳುವ ಬದಲು ಹತ್ತಿರದವರನ್ನು ಮೊದಲು, ದೂರದವರನ್ನು ದಾರಿ ಖಚಿತವಾದ ಮೇಲೆ ಕಳಿಸುವ ಕ್ರಮ ಮಾಡಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಯಲ್ಲಿ ಈ ಹೊಣೆ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರದ್ದು. ಬೀರಸಂದ್ರದ ಜಿಲ್ಲಾಡಳಿತ ಭವನದಿಂದ ಕಾರ್ಖಾನೆಗಳಿಗೆ ಇಂಥದೊಂದು ಸೂಚನೆ ಹೋದರೆ ಖರ್ಚು ಹೆಚ್ಚೇನೂ ಆಗದು.

ಸಿದ್ಧತೆಯೇ ಇಲ್ಲದೆ ಮನೆಗೆ ಹೊರಟವರನ್ನು ಈ ಹೆದ್ದಾರಿಗಳು ಕಂಡಿವೆ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು, ನಡುರಾತ್ರಿಗೆ ಜಾರಿಯಾಯಿತು. ಊರಿಗೆ ಹೋಗಬೇಕಾದವರ ಕೈಗೆ ಸಿಕ್ಕಿದ್ದು ನಾಲ್ಕು ಗಂಟೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತವರು ನಡೆದರು. ಚಿಕ್ಕಬಾಣಾವರದಿಂದ, ಮಾಲೂರಿನಿಂದ ಶ್ರಮಿಕ ರೈಲುಗಳು ಹೊರಟದ್ದು ಮೇ ತಿಂಗಳಲ್ಲಿ. ಅವರಿಗೆ ದಾರಿಬದಿಯ ಊರುಗಳಲ್ಲಿ ಅನ್ನ, ಮಜ್ಜಿಗೆ ಕೊಟ್ಟವರೂ ಇದ್ದರು. ಅರವಟ್ಟಿಗೆಯ ನೆನಪು ಪೂರ್ತಿ ಅಳಿದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಗಾದೆ. ಇಲ್ಲಿ ತೋಡಬೇಕಾದದ್ದು ಬಾವಿಯೂ ಅಲ್ಲ. ಒಂದು ಸಂಜೆ ಊಟಕ್ಕೆ ಕುಳಿತಾಗ ಹತ್ತು ನಿಮಿಷ ಮಾತಾಡಿದರೆ ಸಾಕು. 'ದೊಡ್ಡ ಗಲಾಟೆಯೋ ಮಳೆಯೋ ಆದ ದಿನ ನಾನು ರಾತ್ರಿ ಬರದಿದ್ದರೆ ಹೆದರಬೇಡಿ. ಇಂಥಲ್ಲಿ ಇರುತ್ತೇನೆ. ಮಗುವನ್ನು ಇಂಥವರು ಕರೆತರುತ್ತಾರೆ. ಬೆಳಿಗ್ಗೆ ಬರುತ್ತೇನೆ.' ಮನೆಯವರೆಲ್ಲ ಇಷ್ಟನ್ನು ಕೇಳಿಸಿಕೊಂಡಿದ್ದರೆ, ಅಂಥ ದಿನ ಬಂದಾಗ ಆ ಹೆಣ್ಣುಮಗಳು ಕತ್ತಲ ರಸ್ತೆಗೆ ಇಳಿಯದೆ ಕಾರ್ಖಾನೆಯ ಚಾಪೆಯ ಮೇಲೆ ಒಂದು ರಾತ್ರಿ ಕಣ್ಣು ಮುಚ್ಚಬಲ್ಲಳು.