ಗೊಂಬೆಯ ಬಾಯಿ, ಮಕ್ಕಳ ಕಿವಿ

‘ಮಗ ಕಾರ್ಟೂನ್ ನೋಡುತ್ತಿದ್ದಾನೆ’ ಎಂಬ ಮಾತಿನಲ್ಲಿ ಹೆತ್ತವರಿಗೆ ಅದೆಂತಹ ನೆಮ್ಮದಿ! ಸಿನೆಮಾ ಎಂದರೆ ಮೊಬೈಲ್ ಕಸಿದುಕೊಳ್ಳುವವರು, ಧಾರಾವಾಹಿ ಎಂದರೆ ಟಿ.ವಿ. ಆರಿಸುವವರು, ಪರದೆಯ ಮೇಲೆ ಬಣ್ಣದ ಗೊಂಬೆಗಳು ಕುಣಿಯುತ್ತಿದ್ದರೆ ನಿಶ್ಚಿಂತರಾಗಿ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಗೊಂಬೆಯಿದ್ದಲ್ಲಿ ಮಗುವಿಗೆ ಕೇಡಿಲ್ಲ ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯನ್ನು ನಾವು ಇನ್ನಾದರೂ ಕೈಬಿಡಬೇಕಾಗಿದೆ.

ಅಮೇರಿಕದಲ್ಲಿ 1989ರಲ್ಲಿ ‘ದಿ ಸಿಂಪ್ಸನ್ಸ್’, 1997ರಲ್ಲಿ ‘ಸೌತ್ ಪಾರ್ಕ್’ ಆರಂಭವಾದವು. ಇವು ಮಕ್ಕಳ ಕಥೆಗಳಲ್ಲ, ಸಮಾಜದ ವಿಡಂಬನೆಗಳು. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಸೃಷ್ಟಿಸಿದ ಸೌತ್ ಪಾರ್ಕ್‌ನ ಮುಖ್ಯ ಪಾತ್ರಗಳು ನಾಲ್ವರು ಶಾಲಾ ಬಾಲಕರು. ಆದರೆ 17 ವರ್ಷಕ್ಕಿಂತ ಕೆಳಗಿನವರಿಗೆ ಇದು ತಕ್ಕದ್ದಲ್ಲವೆಂದು ಅಮೇರಿಕದ ಟಿ.ವಿ. ದರ್ಜೆಯೇ ಹೇಳುತ್ತದೆ. ಇದನ್ನು ಯಾರೂ ನೋಡಬಾರದೆಂಬ ಕುಚೋದ್ಯದ ಸೂಚನೆಯೂ ಆರಂಭದಲ್ಲಿ ಬರುತ್ತದೆ. ಹದಿಹರೆಯದವರಿಗೆ ಅದಕ್ಕಿಂತ ದೊಡ್ಡ ಆಹ್ವಾನ ಬೇರೇನಿದೆ?

ವಿಡಂಬನೆಯೊಡನೆ ನಮಗೆ ಜಗಳವಿಲ್ಲ. ಅಧಿಕಾರಸ್ಥರ ಅಹಂಕಾರ, ಶ್ರೀಮಂತರ ಆಡಂಬರ, ಸಜ್ಜನಿಕೆಯ ಮುಖವಾಡ ಇವನ್ನೆಲ್ಲ ಬಯಲಿಗೆಳೆಯಲು ನೂರು ಭಾಷಣಗಳಿಗಿಂತ ಒಂದು ನಗು ಸಾಕು. ತನ್ನನ್ನು ನೋಡಿ ತಾನೇ ನಗಬಲ್ಲ ಸಮಾಜ ಆರೋಗ್ಯವಂತ ಸಮಾಜ. ನಮ್ಮ ಪ್ರಶ್ನೆ ಇಷ್ಟೇ: ನಗುವ ಮಗುವಿಗೆ ತಾನು ಯಾರನ್ನು ನೋಡಿ ನಗುತ್ತಿದ್ದೇನೆ ಎಂಬುದು ಗೊತ್ತಿದೆಯೇ?

2005ರಲ್ಲಿ ಸೌತ್ ಪಾರ್ಕ್‌ನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕಾರ್ಟ್‌ಮನ್ ಎಂಬ ದುಷ್ಟ ಹುಡುಗ, ಕೆಂಗೂದಲಿನ ಮಕ್ಕಳು ಕೀಳೆಂದು ತರಗತಿಯಲ್ಲಿ ಭಾಷಣ ಬಿಗಿಯುತ್ತಾನೆ. ಗೆಳೆಯರು ರಾತ್ರೋರಾತ್ರಿ ಅವನನ್ನೇ ಕೆಂಗೂದಲಿನವನನ್ನಾಗಿ ಮಾಡಿಬಿಡುತ್ತಾರೆ. ಜನಾಂಗ ದ್ವೇಷ ಎಷ್ಟು ಪೊಳ್ಳೆಂಬುದನ್ನು ತೋರಿಸುವುದು ಕಥೆಯ ಉದ್ದೇಶ. ಆದರೆ ಆದದ್ದೇನು? ಇದರ ಪ್ರೇರಣೆಯಿಂದ ‘ಕೆಂಗೂದಲಿನವರನ್ನು ಒದೆಯುವ ದಿನ’ ಹುಟ್ಟಿಕೊಂಡಿತು. 2008ರಲ್ಲಿ ಕೆನಡಾದ ಶಾಲೆಗಳಲ್ಲಿ ಮಕ್ಕಳು ಒದೆ ತಿಂದರು. 2009ರಲ್ಲಿ ಕ್ಯಾಲಿಫೋರ್ನಿಯಾದ ಕಲಬಾಸಸ್‌ನಲ್ಲಿ 12 ವರ್ಷದ ಬಾಲಕನನ್ನು ಸಹಪಾಠಿಗಳು ಥಳಿಸಿದರು. ದ್ವೇಷವನ್ನು ಗೇಲಿ ಮಾಡಿದ ಕಥೆ, ದ್ವೇಷದ ಪಾಠವಾಗಿ ಮಕ್ಕಳನ್ನು ತಲುಪಿತ್ತು.

ತಪ್ಪು ಮಕ್ಕಳದ್ದು, ಕಥೆಯದ್ದಲ್ಲ ಎಂದು ಕೆಲವರು ವಾದಿಸಬಹುದು. ಆದರೆ ವಿಡಂಬನೆಯ ಸ್ವಭಾವವೇ ಹಾಗೆ. ಅದು ಮೂರ್ಖನ ಬಾಯಿಯಿಂದ ಮಾತನಾಡಿಸುತ್ತದೆ. ಬಲ್ಲವರಿಗೆ ಮೂರ್ಖ ಕಾಣಿಸುತ್ತಾನೆ. ಮಗುವಿಗೆ ಮಾತು ಮಾತ್ರ ಕೇಳಿಸುತ್ತದೆ. ಹೆಚ್ಚು ನಗಿಸುವವನೇ ಅದರ ಪಾಲಿಗೆ ನಾಯಕ. ಇಂದು ಈ ಕಂತುಗಳು ಒಂದೊಂದು ನಿಮಿಷದ ತುಣುಕುಗಳಾಗಿ ಮೊಬೈಲಿನಲ್ಲಿ ಹರಿದಾಡುತ್ತವೆ. ಬೈಗುಳದ ತುಣುಕು ಮಗುವಿನ ಕೈಗೆ ಬರುತ್ತದೆ. ಬೈದವನು ಮುಖಭಂಗಕ್ಕೊಳಗಾಗುವ ಕೊನೆಯ ಭಾಗ ಬರುವುದಿಲ್ಲ.

ಇದು ಪರದೇಶದ ಸಂಗತಿ ಮಾತ್ರವೂ ಅಲ್ಲ. ಸಿಂಪ್ಸನ್ಸ್‌ನಲ್ಲಿ ಅಪು ಎಂಬ ಭಾರತೀಯ ಅಂಗಡಿಕಾರನಿದ್ದಾನೆ. ಅವನ ಉಚ್ಚಾರಣೆಯೇ ಅಲ್ಲಿ ನಗೆಯ ಸರಕು. ಆ ಧ್ವನಿ ಹ್ಯಾಂಕ್ ಅಜಾರಿಯಾ ಎಂಬ ಅಮೇರಿಕನ್ ನಟನದ್ದು. ಅದೇ ನಗು ಅಮೇರಿಕದಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಇರಿಯಿತೆಂಬುದನ್ನು ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ತೆರೆದಿಟ್ಟರು. ಆ ಪಾತ್ರಕ್ಕೆ ಇನ್ನು ಧ್ವನಿ ನೀಡುವುದಿಲ್ಲವೆಂದು ಅಜಾರಿಯಾ 2020ರಲ್ಲಿ ಪ್ರಕಟಿಸಿದರು. ಬಲಿಷ್ಠರನ್ನು ಚುಚ್ಚಬೇಕಾದ ಮೊನೆ ದುರ್ಬಲರ ಕಡೆಗೆ ತಿರುಗಿದರೆ ಅದು ವಿಡಂಬನೆಯಲ್ಲ, ಪೀಡನೆ.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಒಂದಕ್ಷರವೂ ನೋಡದೆ ‘ನಿಷೇಧಿಸಿ’ ಎಂದು ಕೂಗುವುದು ಸುಲಭ. ಅದರಿಂದ ಮಗು ನೋಡುವುದನ್ನು ಬಿಡುವುದಿಲ್ಲ, ನಮ್ಮೊಡನೆ ಹೇಳುವುದನ್ನು ಬಿಡುತ್ತದೆ. ನಮ್ಮ ದೇಶದಲ್ಲಿ 2021ರ ನಿಯಮಗಳು ಆನ್‌ಲೈನ್ ಚಿತ್ರ, ಧಾರಾವಾಹಿಗಳಿಗೆ 7, 13, 16 ವರ್ಷ ಮೇಲ್ಪಟ್ಟವರಿಗೆ ಮತ್ತು ವಯಸ್ಕರಿಗೆ ಎಂಬ ದರ್ಜೆಗಳನ್ನು ವಿಧಿಸಿವೆ. 13ರ ದರ್ಜೆಯಿಂದ ಮೇಲಿನವುಗಳಿಗೆ ಹೆತ್ತವರು ಬೀಗ ಹಾಕುವ ಸೌಲಭ್ಯ ಇರಲೇಬೇಕೆಂದಿವೆ. ಆ ಬೀಗವನ್ನು ಬಳಸೋಣ. ಆದರೆ ಬೀಗವು ತಂದೆಯ ಸ್ಥಾನ ತುಂಬಲಾರದು. ಚಿಕ್ಕ ಮಕ್ಕಳಿಗೆ ಇವು ಬೇಡವೇ ಬೇಡ. ಹದಿಹರೆಯದವರು ನೋಡಿದ್ದಾರೆಂದು ತಿಳಿದರೆ ಗದರುವ ಮೊದಲು ಪಕ್ಕದಲ್ಲಿ ಕುಳಿತು ಕೇಳೋಣ: ಇಲ್ಲಿ ನಗೆಪಾಟಲಾದವರು ಯಾರು? ಅವರು ಬಲಿಷ್ಠರೋ, ದುರ್ಬಲರೋ? ಅವರು ಈಗ ನಮ್ಮೆದುರು ಕುಳಿತಿದ್ದರೆ ನಾವು ಹೀಗೆಯೇ ನಗುತ್ತಿದ್ದೆವೇ?

ಈ ಪ್ರಶ್ನೆ ಕೇಳುವ ಅರ್ಹತೆ ನಮಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಊಟಕ್ಕೆ ಕುಳಿತಾಗ ನೆರೆಯವರ ಕಪ್ಪು ಬಣ್ಣವನ್ನೂ, ಕೆಲಸದವಳ ಮಾತಿನ ಧಾಟಿಯನ್ನೂ, ಬಂಧುವಿನ ತೊದಲನ್ನೂ ಅಣಕಿಸಿ ನಗುವವರು ನಾವೇ ಅಲ್ಲವೇ? ಆ ಕಂತಿಗೆ ಯಾವ ದರ್ಜೆಯೂ ಇಲ್ಲ, ಯಾವ ಬೀಗವೂ ಇಲ್ಲ. ಮಕ್ಕಳು ಅದನ್ನು ದಿನವೂ ನೋಡುತ್ತಿದ್ದಾರೆ.