ನಾಲ್ಕನೆಯ ದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ನಮ್ಮ ಸಮಾಜ ಮರೆತಿಲ್ಲ. ಅಭಯದಾನವನ್ನು ಮಾತ್ರ ಪ್ರಾಣಿಗಳನ್ನು ವಧೆಯಿಂದ ಬಿಡಿಸುವುದಕ್ಕೆ ಸೀಮಿತಗೊಳಿಸಿದ್ದೇವೆ. ಅದು ಪುಣ್ಯಕಾರ್ಯವೇ ಸರಿ. ಆದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಮನುಷ್ಯನಿಗೆ ಅಭಯ ನೀಡುವವರು ಯಾರು?

ನಾಗಪುರದ ಮನೀಶ್ ನಗರದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಮುಂದೆ ಈ ಪ್ರಶ್ನೆಯನ್ನಿಡಲು ಕಾರಣವಿದೆ. ಕಾನೂನು ಓದುವ ಮಗಳು ರಜೆಯಲ್ಲಿ ಮಾನವ ಹಕ್ಕುಗಳ ಕಚೇರಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತೇನೆಂದರೆ ಹಿರಿಯರು ಹಿಂಜರಿಯುತ್ತಾರೆ. ‘ಪೊಲೀಸು, ಜೈಲು ನಮಗೇಕಮ್ಮ? ಲೆಕ್ಕಪರಿಶೋಧಕರ ಬಳಿ ಕುಳಿತರೆ ಮುಂದೆ ಉಪಯೋಗವಾದೀತು’ ಎನ್ನುತ್ತಾರೆ.

ಮಹಾರಾಷ್ಟ್ರ ರಾಜ್ಯ ಆಯೋಗದ ಕೇಂದ್ರ ಮುಂಬಯಿಯಲ್ಲಿದೆ. ಊರಿನಲ್ಲಿ ನೊಂದವರ ಮಾತನ್ನು ಮೊದಲು ಕೇಳುವವು ಸ್ವಯಂಸೇವಾ ಸಂಸ್ಥೆಗಳ ಸಣ್ಣ ಕಚೇರಿಗಳು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅಲ್ಲಿ ಕಲಿಯುವುದು ಘೋಷಣೆ ಕೂಗುವುದನ್ನಲ್ಲ. ಯಾರಿಗೆ, ಯಾವಾಗ, ಎಲ್ಲಿ, ಏನಾಯಿತು ಎಂಬುದನ್ನು ಕೂಡಿಸದೆ ಕಳೆಯದೆ ಬರೆಯುವುದನ್ನು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ, ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಆದ್ದರಿಂದ ತಡವಾದ ಅರ್ಜಿಯೆಂದರೆ ಕೈತಪ್ಪಿದ ನ್ಯಾಯ. ದೂರಿಗೆ ಶುಲ್ಕವಿಲ್ಲ, ರಾಷ್ಟ್ರೀಯ ಆಯೋಗಕ್ಕೆ ಕನ್ನಡದಲ್ಲಿಯೂ ಬರೆಯಬಹುದು. ವಿದರ್ಭಕ್ಕೆ ಕೂಲಿಗೆ ಬಂದ ಕನ್ನಡಿಗನ ಅಳಲನ್ನು ಮರಾಠಿಯ ಠಾಣೆಗೆ ತಿಳಿಯುವಂತೆ ಬರೆದುಕೊಡಬಲ್ಲವರು, ಮನೆಯಲ್ಲಿ ಕನ್ನಡ ಉಳಿಸಿಕೊಂಡ ನಮ್ಮ ಮಕ್ಕಳಲ್ಲದೆ ಇನ್ನಾರು?

ಈ ವ್ಯವಸ್ಥೆಯ ಮಿತಿಯನ್ನೂ ಅವರು ಕಣ್ಣಾರೆ ಕಾಣಲಿ. ಆಯೋಗ ಸರ್ಕಾರಕ್ಕೆ ಶಿಫಾರಸು ಮಾಡಬಲ್ಲದು. ಅದನ್ನು ಜಾರಿಗೊಳಿಸುವ ಅಧಿಕಾರ ಅದರ ಕೈಯಲ್ಲಿಲ್ಲ. ಶಿಫಾರಸು ಕಡತದಲ್ಲಿ ಮಲಗದಂತೆ ನೋಡಿಕೊಳ್ಳುವುದು ಎಚ್ಚೆತ್ತ ನಾಗರಿಕರ ಹೊಣೆ. ಆ ಎಚ್ಚರ ಪುಸ್ತಕದಿಂದ ಬರುವಂಥದಲ್ಲ.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಅಲ್ಲಿಂದೀಚೆಗೆ ನಮ್ಮ ಸಭೆಗಳಲ್ಲಿ ಹಕ್ಕು ಎಂಬ ಮಾತು ಪ್ರಮಾಣಪತ್ರ, ವಿದ್ಯಾರ್ಥಿವೇತನಗಳ ಸುತ್ತಲೇ ಸುಳಿಯುತ್ತಿದೆ. ಅವೂ ಬೇಕು. ಆದರೆ ಪರರ ಸಂಕಟದಲ್ಲಿ ಮೌನವಾಗಿರುವ ಅಲ್ಪಸಂಖ್ಯಾತ ಸಮಾಜ, ತನ್ನ ಕಷ್ಟಕಾಲದಲ್ಲಿ ಯಾರ ದನಿಯನ್ನು ನಿರೀಕ್ಷಿಸೀತು?

ಇಂತಹ ಕಚೇರಿಗಳಲ್ಲಿ ಮಕ್ಕಳಿಗೆ ಭತ್ಯೆ ಸಿಗದಿರಬಹುದು. ಒಂದು ತಿಂಗಳ ಊಟ, ಬಸ್ಸಿನ ಖರ್ಚನ್ನು ನಮ್ಮ ಟ್ರಸ್ಟುಗಳು ಭರಿಸಲಿ. ನಾಲ್ಕನೆಯ ದಾನದ ಖಾತೆ ಬಹುಕಾಲದಿಂದ ಬರಿದಾಗಿಯೇ ಇದೆ.