ಹಸಿರು ದೀಪ ನೋಡಿ ನಿದ್ದೆ ಹೋದವರು

"ಸಿಪಿಯು ಮೂವತ್ತು ಪರ್ಸೆಂಟ್, ಮೆಮೊರಿ ಆರಾಮಾಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಇನ್ನೇನ್ ಸಾರ್ ನೋಡೋದು?"

ಡೇಟಾಬೇಸ್ ನೋಡಿಕೊಳ್ಳೋದು ನನ್ನ ಹೊಟ್ಟೆಪಾಡು. ಈ ಮಾತು ಕೇಳದ ಆಫೀಸು ನನಗೆ ಇನ್ನೂ ಸಿಕ್ಕಿಲ್ಲ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಜ್ವರ ಇಲ್ಲ ಅಂದ ಮಾತ್ರಕ್ಕೆ ಸಕ್ಕರೆ ಕಾಯಿಲೆ ಇಲ್ಲ ಅಂತ ಯಾವ ಡಾಕ್ಟರೂ ಹೇಳಲ್ಲ. ಆದರೆ ನಮ್ಮ ಐಟಿ ಮಂದಿ ಥರ್ಮಾಮೀಟರ್ ಒಂದನ್ನೇ ಗೋಡೆಗೆ ನೇತುಹಾಕಿ, ಅದಕ್ಕೆ ಮಾನಿಟರಿಂಗ್ ಅಂತ ಹೆಸರಿಟ್ಟು ಮಲಗುತ್ತಾರೆ.

ಪೋಸ್ಟ್‌ಗ್ರೆಸ್ ವಿಷಯವನ್ನೇ ತಗೊಳ್ಳಿ. ಅದರಲ್ಲಿ ಒಂದು ಸಾಲನ್ನು ಬದಲಾಯಿಸಿದರೆ ಹಳೆಯ ಸಾಲು ಅಳಿಸಿಹೋಗುವುದಿಲ್ಲ. ಹೊಸದೊಂದು ಹುಟ್ಟುತ್ತದೆ, ಹಳೆಯದು ಹೆಣವಾಗಿ ಅಲ್ಲೇ ಬಿದ್ದಿರುತ್ತದೆ. ಆ ಹೆಣಗಳನ್ನು ಗುಡಿಸಿ ಜಾಗ ತೆರವು ಮಾಡೋದು ವ್ಯಾಕ್ಯೂಮ್ ಕೆಲಸ. ತಾನಾಗೇ ಗುಡಿಸುವ ಆಟೋವ್ಯಾಕ್ಯೂಮ್ ಕೂಡ ಇದೆ. ಆದರೆ ನಮ್ಮವರು ಮಾಡೋದೇನು? "ಅದು ಡಿಸ್ಕ್ ತಿನ್ನುತ್ತೆ, ಆಪ್ ಸ್ಲೋ ಆಗುತ್ತೆ" ಅಂತ ದೊಡ್ಡ ಟೇಬಲ್‌ಗಳ ಮೇಲೆ ಅದನ್ನು ಆಫ್ ಮಾಡುತ್ತಾರೆ. ಗುಡಿಸುವಾಗ ಧೂಳೇಳುತ್ತೆ ಅಂತ ಪೊರಕೆಯನ್ನೇ ಎಸೆದ ಹಾಗೆ.

ಒಂದು ಕಂಪನಿಯಲ್ಲಿ (ಹೆಸರು ಬೇಡ, ಅಲ್ಲಿ ಇನ್ನೂ ಗೆಳೆಯರಿದ್ದಾರೆ) ಡಿಸ್ಕ್ ಎಂಬತ್ತು ಪರ್ಸೆಂಟ್ ತುಂಬಿದರೆ ಅಲರ್ಟ್ ಬರುವ ವ್ಯವಸ್ಥೆ ಇತ್ತು. ಬಂತು. ರಾತ್ರಿ ಪಾಳಿಯ ಹುಡುಗ 200 ಜಿಬಿ ಸೇರಿಸಿದ. ನಾಲ್ಕು ದಿನಕ್ಕೆ ಮತ್ತೆ ಬಂತು, ಮತ್ತೆ ಸೇರಿಸಿದ. ಸೋಮವಾರದ ಮೀಟಿಂಗಿನಲ್ಲಿ ಅವನಿಗೆ ಚಪ್ಪಾಳೆ. ವ್ಯಾಪಾರ ಹೆಚ್ಚಾಗದೆ ಡೇಟಾ ಯಾಕೆ ಬೆಳೀತಿದೆ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಆಗ ಬೇರೆ ಪ್ರಾಜೆಕ್ಟಿನಲ್ಲಿದ್ದೆ ಅನ್ನೋದು ನೆಪ.

ಮೂರನೇ ಸಲ ನನ್ನನ್ನು ಕರೆದರು. ನೋಡಿದರೆ, ಒಬ್ಬ ಡೆವಲಪರ್ ಹನ್ನೊಂದು ದಿನದ ಹಿಂದೆ ಸರ್ವರಿಗೆ ಲಾಗಿನ್ ಆಗಿ, ಒಂದೇ ಒಂದು ಸಾಲನ್ನು ಅಪ್‌ಡೇಟ್ ಮಾಡಿ, ಕಮಿಟೂ ಮಾಡದೆ ರೋಲ್‌ಬ್ಯಾಕೂ ಮಾಡದೆ, ಆ ಸೆಷನ್ನನ್ನು ಹಾಗೇ ತೆರೆದಿಟ್ಟು ಊರಿಗೆ ಹೋಗಿದ್ದ. ಅಂಥದೊಂದು ವ್ಯವಹಾರ ಬಾಕಿ ಇರುವ ತನಕ, ಅದು ಶುರುವಾದ ಮೇಲೆ ಸತ್ತ ಯಾವ ಸಾಲನ್ನೂ ವ್ಯಾಕ್ಯೂಮ್ ಮುಟ್ಟುವ ಹಾಗಿಲ್ಲ. ಆಟೋವ್ಯಾಕ್ಯೂಮ್ ಪಾಪ ಗಳಿಗೆಗೊಮ್ಮೆ ಬಂದು, ಏನೂ ಗುಡಿಸಲಾಗದೆ ವಾಪಸ್ ಹೋಗ್ತಿತ್ತು. ಸೆಷನ್ ಕೊಲ್ಲೋಕೆ ಒಂದು ಸೆಕೆಂಡ್ ಸಾಕಾಯ್ತು. ಆದರೆ ಊದಿಕೊಂಡ ಟೇಬಲ್ ಅದರಿಂದ ಇಳಿಯಲ್ಲ. ಮಾಮೂಲಿ ವ್ಯಾಕ್ಯೂಮ್ ಒಳಗೆ ಜಾಗ ಮಾಡಿಕೊಡುತ್ತದೆಯೇ ಹೊರತು ಡಿಸ್ಕಿಗೆ ಸಾಮಾನ್ಯವಾಗಿ ಹಿಂದಿರುಗಿಸಲ್ಲ. ಅದಕ್ಕೆ ವ್ಯಾಕ್ಯೂಮ್ ಫುಲ್ ಬೇಕು, ಅದು ನಡೆಯುವಷ್ಟು ಹೊತ್ತೂ ಟೇಬಲ್ಲಿಗೆ ಬೀಗ. ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಸೈಟು ಮುಚ್ಚಿ ಮಾಡಿದೆವು.

ಇದನ್ನು ಮೊದಲ ದಿನವೇ ಹಿಡಿಯೋಕೆ ಏನು ಬೇಕಿತ್ತು? ಪಿಜಿ-ಸ್ಟ್ಯಾಟ್-ಆಕ್ಟಿವಿಟಿ ಅನ್ನೋ ವ್ಯೂ ಇದೆ, ಅತ್ಯಂತ ಹಳೆಯ ವ್ಯವಹಾರ ಎಷ್ಟು ಹೊತ್ತಿಂದ ತೆರೆದಿದೆ ಅಂತ ಅದು ಹೇಳುತ್ತೆ. ಒಂದು ಗಂಟೆ ಮೀರಿದರೆ ಅಲರ್ಟ್. ಇಷ್ಟೇ. ಹಾಗೆ ಸುಮ್ಮನೆ ಕೂತ ಸೆಷನ್‌ಗಳನ್ನು ತಾನಾಗಿ ಕಡಿದುಹಾಕುವ ಟೈಮ್‌ಔಟ್ ಸೆಟ್ಟಿಂಗ್ 9.6ನೇ ಆವೃತ್ತಿಯಿಂದಲೂ ಇದೆ, ಆದರೆ ಮೊದಲಿಂದಲೂ ಆಫ್ ಆಗೇ ಬರುತ್ತದೆ. ಆನ್ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ.

ಡಿಸ್ಕ್ ತುಂಬೋದು ಸಣ್ಣ ಕಷ್ಟ. ದೊಡ್ಡದು ಬೇರೆ ಇದೆ. ಪೋಸ್ಟ್‌ಗ್ರೆಸ್ ಪ್ರತಿ ವ್ಯವಹಾರಕ್ಕೂ ಕೊಡುವ ನಂಬರು 32 ಬಿಟ್ಟಿನದು. ಅಂದರೆ ಸುಮಾರು 429 ಕೋಟಿಗೆ ಚಕ್ರ ಒಂದು ಸುತ್ತು. ಹಿಂದೆ ಮುಂದೆ ಗೊತ್ತಾಗಬೇಕಾದ್ದರಿಂದ ಕೈಗೆ ಸಿಗೋದು ಅದರರ್ಧ. ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಕಾಲಕಾಲಕ್ಕೆ "ಫ್ರೀಜ್" ಮಾಡದಿದ್ದರೆ, ಅಂಚಿಗೆ ಬಂದ ದಿನ ಡೇಟಾಬೇಸ್ ಹೊಸದಾಗಿ ಬರೆಯೋದನ್ನೇ ನಿಲ್ಲಿಸುತ್ತದೆ. ಆ ದಿನವೂ ಸಿಪಿಯು ಹಸಿರೇ ಇರಬಹುದು ಸ್ವಾಮಿ! 2015ರ ಜುಲೈನಲ್ಲಿ ಸೆಂಟ್ರಿ ಹೀಗೇ ನಿಂತಿತು. 2019ರ ಫೆಬ್ರವರಿಯಲ್ಲಿ ಮೇಲ್‌ಚಿಂಪ್‌ನವರ ಮ್ಯಾಂಡ್ರಿಲ್ ಒಂದು ದಿನಕ್ಕೂ ಹೆಚ್ಚು ಹೊತ್ತು ಒದ್ದಾಡಿತು. ಇಬ್ಬರೂ ಮುಚ್ಚಿಡದೆ ಬರೆದುಕೊಂಡರು, ಅದಕ್ಕೆ ನಮಸ್ಕಾರ. ನಮ್ಮಲ್ಲಾದರೆ "ತಾಂತ್ರಿಕ ಕಾರಣ" ಅಂತ ಒಂದು ಸಾಲು ಹಾಕಿ ಮುಗಿಸುತ್ತಿದ್ದರು. ಆ ವಯಸ್ಸು ಎಷ್ಟಾಗಿದೆ ಅಂತ ತಿಳಿಯೋಕೆ ಒಂದು ಸಾಲಿನ ಕ್ವೆರಿ ಸಾಕು. ಪೋಸ್ಟ್‌ಗ್ರೆಸ್ ತಾನೇ 20 ಕೋಟಿ ದಾಟಿದರೆ, ಆಟೋವ್ಯಾಕ್ಯೂಮ್ ಆಫ್ ಮಾಡಿದ್ದರೂ ಬಲವಂತವಾಗಿ ಗುಡಿಸಲು ಹೊರಡುತ್ತದೆ. ಅದು 50 ಕೋಟಿ, 100 ಕೋಟಿ ಅಂತ ಏರುತ್ತಾ ಹೋದರೆ ಗುಡಿಸೋಕೆ ಏನೋ ಅಡ್ಡ ಬಂದಿದೆ ಅಂತಲೇ ಅರ್ಥ. ತಿಂಗಳುಗಟ್ಟಲೆ ಮುಂಚೆಯೇ ಕಾಣುವ ಅಪಾಯ ಇದು.

"ಅಲರ್ಟ್ ಜಾಸ್ತಿ ಆದರೆ ಯಾರೂ ನೋಡಲ್ಲ ಸಾರ್" ಅಂತಾರೆ. ಒಪ್ಪಿದೆ. ನಾಲ್ಕು ಸಾವಿರ ಓದದ ಮೇಲ್ ಇರುವ ಇನ್‌ಬಾಕ್ಸ್ ನಾನೂ ಕಂಡಿದ್ದೇನೆ. ಹಾಗಿದ್ರೆ ಕೆಲಸಕ್ಕೆ ಬಾರದ್ದನ್ನು ಕಿತ್ತುಹಾಕ್ರಪ್ಪ, ಸಿಪಿಯು ಅಲರ್ಟಿಂದಲೇ ಶುರು ಮಾಡಿ. ಆದರೆ ಮೇಲ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ಮಾತ್ರ ತಿಳಿಯಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಸರ್ವರಿನ ಸುಮಾರು 300 ಜಿಬಿ ಅಳಿಸಿದ. ಬ್ಯಾಕಪ್ ಹುಡುಕಿದರೆ ಇಟ್ಟ ಜಾಗ ಖಾಲಿ. ಪಿಜಿ-ಡಂಪ್‌ನ ಹಳೇ ಆವೃತ್ತಿ ಓಡುತ್ತಾ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ಹೇಳುವ ಮೇಲ್‌ಗಳನ್ನು ಮೇಲ್ ಸರ್ವರೇ ತಿರಸ್ಕರಿಸಿತ್ತು. ಬೇರೇನೋ ಕೆಲಸಕ್ಕೆ ಆರು ಗಂಟೆ ಮುಂಚೆ ಯಾರೋ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಅಳಿಸಿದವನನ್ನು ಎಲ್ಲರೂ ಆಡಿಕೊಂಡರು. ನನ್ನ ಸಿಟ್ಟು ಅವನ ಮೇಲಲ್ಲ. ಆ ಮೌನವನ್ನು ಸುಖ ಅಂದುಕೊಂಡಿದ್ದರಲ್ಲ, ಅದರ ಮೇಲೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನಿಗೆ ನಮ್ಮಲ್ಲಿ ಬಡ್ತಿ ಸಿಗುತ್ತದೆ, ಯಾಕೆಂದರೆ ಅವನು ರಾತ್ರಿಯಿಡೀ ಎದ್ದಿದ್ದ. ಬಾಗಿಲು ಸಂಜೆಯೇ ಹಾಕಿ ಮನೆಗೆ ಹೋದವನಿಗೆ ವರ್ಷದ ಕೊನೆಗೆ "ಈ ವರ್ಷ ನೀವೇನು ಮಾಡಿದ್ರಿ?" ಅನ್ನೋ ಪ್ರಶ್ನೆ. ನನಗೂ ಕೇಳಿದ್ದಾರೆ. ಏನೂ ಆಗದ ಹಾಗೆ ನೋಡಿಕೊಂಡೆ ಅಂದೆ. ನಕ್ಕರು.

ಹೋದ ಶುಕ್ರವಾರ ಈಗಿನ ಆಫೀಸಿನಲ್ಲಿ ಕೇಳಿದೆ: ಬ್ಯಾಕಪ್ಪಿಂದ ಡೇಟಾಬೇಸನ್ನು ಕೊನೆಯ ಸಲ ಎತ್ತಿ ನಿಲ್ಲಿಸಿ ನೋಡಿದ್ದು ಯಾವಾಗ? "ಸಕ್ಸೆಸ್ ಅಂತ ಮೇಲ್ ಬರ್ತಿದೆಯಲ್ಲ ಸಾರ್" ಅಂದರು. ಪರೀಕ್ಷೆಗೆ ಒಂದು ಖಾಲಿ ಮಷೀನ್ ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಖರ್ಚಿನ ಬಾಬ್ತು ಯಾವುದು ಅಂತ ಕೇಳಿ ಅದು ವಾಪಸ್ ಬಂದಿದೆ.